ಹೊಲದಡಿ ಅನಿಲ ಪೈಪ್‌ಲೈನ್: ಕೃಷಿ ಹೊಂಡ ತೋಡಬಹುದೇ?

ಪ್ರಶ್ನೆ (ಕೊಪ್ಪಳದ ರೈತ):
ನಮ್ಮ ಹೊಲದಡಿ ಅಧಿಕ ಒತ್ತಡದ ನೈಸರ್ಗಿಕ ಅನಿಲದ ಪೈಪ್‌ಲೈನ್ ಹಾದುಹೋಗಿದೆ. ಅದರ ಮೇಲೆ ಕೃಷಿ ಹೊಂಡ ತೋಡಬಹುದೇ? ಸುರಕ್ಷತೆಯ ಮೇಲ್ವಿಚಾರಣೆ ಯಾರದು?

ಉತ್ತರ (ಬಳ್ಳಾರಿಯ ವಕೀಲ):
ದಯವಿಟ್ಟು ತೋಡಬೇಡಿ, ಸರ್. 1962ರ ಪೈಪ್‌ಲೈನ್ ಕಾಯ್ದೆಯಡಿ ಭೂಮಿಯ ಒಡೆತನ ನಿಮ್ಮಲ್ಲೇ ಉಳಿದಿದ್ದರೂ, ಪೈಪ್‌ಲೈನ್‌ಗಾಗಿ ಬಳಕೆಯ ಹಕ್ಕು ಪಡೆದ ಜಾಗದಲ್ಲಿ ಕಟ್ಟಡ ಕಟ್ಟುವುದನ್ನೂ ಬಾವಿ, ಕೆರೆ ತೋಡುವುದನ್ನೂ ಮರ ನೆಡುವುದನ್ನೂ 9ನೇ ಕಲಂ ನಿಷೇಧಿಸುತ್ತದೆ. ಹಾನಿಯ ಪರಿಹಾರವಲ್ಲದೆ ಜಮೀನಿನ ಮಾರುಕಟ್ಟೆ ಬೆಲೆಯ ಶೇ 10ರಷ್ಟು ಮೊತ್ತವೂ ನಿಮಗೆ ಸಲ್ಲಬೇಕು; ನಿಗದಿಪಡಿಸಿದ ಮೊತ್ತ ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರ ಮೊರೆ ಹೋಗಬಹುದು.

ಉತ್ತರ (ರಾಯಚೂರಿನಿಂದ):
ಸುರಕ್ಷತಾ ಮಾನದಂಡಗಳನ್ನು 2006ರ ಕಾಯ್ದೆಯಡಿ ರಚನೆಯಾದ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ರೂಪಿಸುತ್ತದೆ. ಆದರೂ 2014ರ ಜೂನ್‌ನಲ್ಲಿ ಆಂಧ್ರದ ನಗರಂ ಗ್ರಾಮದಲ್ಲಿ ಪೈಪ್‌ಲೈನ್ ಸ್ಫೋಟಗೊಂಡು ಹಲವರು ಮಡಿದರು. ಬುಸುಗುಡುವ ಸದ್ದು ಕೇಳಿದರೆ ಪಂಪ್‌ಸೆಟ್ಟಿನ ಸ್ವಿಚ್ ಮುಟ್ಟದೆ ದೂರ ಸರಿದು, ಪೈಪ್‌ಲೈನ್ ಹಾದಿ ತೋರಿಸುವ ಫಲಕದಲ್ಲಿರುವ ತುರ್ತು ಸಂಖ್ಯೆಗೆ ಕರೆ ಮಾಡಿ.