ಮನೆಯಲ್ಲೇ ಮಾಡುವ ಕೋವಿಡ್ ಟೆಸ್ಟ್: ವಾರಕ್ಕೆರಡು ಸಲವೋ, ಲಕ್ಷಣ ಕಂಡಾಗ ಮಾತ್ರವೋ?

ತುಂಗಾತೀರ (ಪ್ರಶ್ನೆ)

ಮನೆಯಲ್ಲಿ ಮಾಡಿಕೊಳ್ಳುವ ಆಂಟಿಜೆನ್ ಕಿಟ್ (ಮೂಗಿನ ದ್ರವದಲ್ಲಿ ವೈರಸ್ಸಿನ ಪ್ರೋಟೀನ್ ಹುಡುಕುವ ಟೆಸ್ಟ್) ವಿಷಯದಲ್ಲಿ ಒಂದೊಂದು ದೇಶದ್ದು ಒಂದೊಂದು ಮಾತು. ಇಂಗ್ಲೆಂಡಿನಲ್ಲಿ 2021ರ ಏಪ್ರಿಲ್ 9ರಿಂದ ಯಾರು ಬೇಕಾದರೂ ವಾರಕ್ಕೆ ಎರಡು ಸಲ ಪುಕ್ಕಟೆ ಟೆಸ್ಟ್ ಮಾಡಿಕೊಳ್ಳಿ ಅಂದರು. ಮರುವರ್ಷ ಏಪ್ರಿಲ್ 1ಕ್ಕೆ ಬಹುತೇಕರಿಗೆ ಆ ಪುಕ್ಕಟೆ ಕಿಟ್ ನಿಂತೇ ಹೋಯಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಆಗಸ್ಟ್‌ನಲ್ಲಿ ಬೇರೆಯೇ ಲೆಕ್ಕ ಕೊಟ್ಟಿತು: ಲಕ್ಷಣ ಇದ್ದರೆ 48 ಗಂಟೆ ಅಂತರದಲ್ಲಿ ಎರಡು, ಲಕ್ಷಣ ಇಲ್ಲದಿದ್ದರೆ ಅದೇ ಅಂತರದಲ್ಲಿ ಮೂರು. ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2021ರ ಮೇ 19ರಂದು ಪುಣೆಯ ಮೈಲ್ಯಾಬ್ ಕಂಪನಿಯ ಕೋವಿಸೆಲ್ಫ್ ಕಿಟ್‌ಗೆ ಒಪ್ಪಿಗೆ ಕೊಟ್ಟಾಗಲೇ, ಲಕ್ಷಣ ಇರುವವರು ಮತ್ತು ಲ್ಯಾಬಿನಲ್ಲಿ ಖಚಿತವಾದ ರೋಗಿಯ ಹತ್ತಿರದ ಸಂಪರ್ಕದವರು ಮಾತ್ರ ಬಳಸಿ, ಸಿಕ್ಕಸಿಕ್ಕವರೆಲ್ಲ ಮಾಡಿಕೊಳ್ಳಬೇಡಿ ಅಂದಿತ್ತು.

ವೈರಸ್ ಒಂದೇ, ಗೆರೆ ಮೂಡುವ ಟೆಸ್ಟ್ ಪಟ್ಟಿಯೂ ಹೆಚ್ಚುಕಮ್ಮಿ ಒಂದೇ. ಹಾಗಾದರೆ ಈ ಎಣಿಕೆ ಯಾಕೆ ಇಷ್ಟು ಬೇರೆ? ವಯಸ್ಸಾದವರನ್ನು ನೋಡಲು ಹೋಗುವ ಮುಂಚೆ ಒಂದು ನೆಗೆಟಿವ್ ಬಂದರೆ ಸಾಕೇ? ಅನುಮಾನ ಬಂದರೆ ಅದೇ ದಿನ ಇನ್ನೊಂದು ಕಿಟ್ ಒಡೆಯುವುದರಿಂದ ಏನಾದರೂ ಲಾಭ ಇದೆಯೇ?

---

ಲ್ಯಾಬ್‌ಕಟ್ಟೆ

ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಉಳಿದದ್ದೆಲ್ಲ ಅದರಲ್ಲೇ ಇದೆ. ಅದೇ ದಿನ ಎರಡನೇ ಕಿಟ್ ಒಡೆದರೆ ಹೆಚ್ಚಿನ ಲಾಭ ಇಲ್ಲ. ಮೊದಲ ಸಲ ಮೂಗಿನಲ್ಲಿ ಕಡ್ಡಿ ಸರಿಯಾಗಿ ತಿರುಗಿಸಿರಲಿಲ್ಲ, ಅಥವಾ ಟೆಸ್ಟ್ ಸರಿಯಾಗಿ ನಡೆಯಿತು ಅಂತ ತೋರಿಸುವ ಸಿ ಗೆರೆಯೇ ಬರಲಿಲ್ಲ ಅನ್ನುವುದಾದರೆ ಮಾತು ಬೇರೆ.

ಕಾರಣ ಇಷ್ಟೇ. ಲ್ಯಾಬಿನಲ್ಲಿ ಮಾಡುವ ಪಿಸಿಆರ್ ಟೆಸ್ಟ್ ವೈರಸ್ಸಿನ ವಂಶವಾಹಿ ವಸ್ತುವಾದ ಆರ್‌ಎನ್‌ಎಯನ್ನು ಸುತ್ತುಸುತ್ತಾಗಿ ದ್ವಿಗುಣಗೊಳಿಸಿ ಹುಡುಕುತ್ತೆ, ಹಾಗಾಗಿ ಮಿಲಿಲೀಟರಿಗೆ ಸಾವಿರದಷ್ಟು ಆರ್‌ಎನ್‌ಎ ಪ್ರತಿ ಇದ್ದರೂ ಸಿಕ್ಕಿಬೀಳುತ್ತೆ. ಆಂಟಿಜೆನ್ ಪಟ್ಟಿಯಲ್ಲಿ ದ್ವಿಗುಣಗೊಳಿಸುವ ಕೆಲಸ ಇಲ್ಲ. ಮೂಗಿನಲ್ಲಿ ಎಷ್ಟು ಪ್ರೋಟೀನ್ ಇದೆಯೋ ಅಷ್ಟೇ ಬಣ್ಣದ ಕಣಗಳಿಗೆ ಅಂಟಿ, ಪಾಸಿಟಿವ್ ತೋರಿಸುವ ಟಿ ಗೆರೆಯ ಹತ್ತಿರ ನಿಲ್ಲಬೇಕು. ಅದಕ್ಕೆ ಲಕ್ಷದ ಆಸುಪಾಸು ಅಥವಾ ಅದಕ್ಕಿಂತ ಹೆಚ್ಚು ಬೇಕು. ಸೋಂಕು ಏರುತ್ತಿರುವಾಗ ಸಾವಿರದಿಂದ ಲಕ್ಷಕ್ಕೆ ಹೋಗಲು ವಾರಗಟ್ಟಲೆ ಬೇಡ, ಒಂದೆರಡು ದಿನ ಸಾಕು. ಬೆಳಿಗ್ಗೆ ಕಾಣದ ವೈರಸ್ ಮಧ್ಯಾಹ್ನ ಕಾಣುವುದು ಅಪರೂಪ, ನಾಡಿದ್ದು ಕಾಣುವುದು ಸಾಮಾನ್ಯ. 48 ಗಂಟೆ ಅನ್ನುವ ಅಂತರ ಬಂದದ್ದು ಇಲ್ಲಿಂದ.

ಆಗ ಹಾರ್ವರ್ಡ್‌ನಲ್ಲಿದ್ದ ಸಾಂಕ್ರಾಮಿಕ ರೋಗತಜ್ಞ ಮೈಕೆಲ್ ಮೀನಾ 2020ರಿಂದ ವಾದಿಸುತ್ತಿದ್ದದ್ದೂ ಇದನ್ನೇ. ಅವರು ಸಹಲೇಖಕರಾಗಿದ್ದ ಒಂದು ಗಣಿತದ ಮಾದರಿ ಆ ವರ್ಷದ ನವೆಂಬರ್‌ನಲ್ಲಿ ಪ್ರಕಟವಾಯಿತು. ಸಮುದಾಯದಲ್ಲಿ ಹರಡುವುದನ್ನು ತಡೆಯಬೇಕಾದರೆ ಟೆಸ್ಟಿನ ಸೂಕ್ಷ್ಮತೆಗಿಂತ (ಎಷ್ಟು ಕಡಿಮೆ ವೈರಸ್ಸನ್ನೂ ಹಿಡಿಯುತ್ತೆ ಅನ್ನುವುದಕ್ಕಿಂತ) ಅದನ್ನು ಎಷ್ಟು ಸಲ ಮಾಡುತ್ತೀರಿ, ಫಲಿತಾಂಶ ಎಷ್ಟು ಬೇಗ ಕೈಗೆ ಬರುತ್ತೆ ಅನ್ನುವುದೇ ಮುಖ್ಯ ಅನ್ನುವುದು ಅದರ ತೀರ್ಮಾನ. ಐದು ದಿನ ಬಿಟ್ಟು ಬರುವ ಪಿಸಿಆರ್ ವರದಿ ಎಷ್ಟೇ ನಿಖರವಾಗಿದ್ದರೂ, ಆ ಹೊತ್ತಿಗೆ ಆ ಮನುಷ್ಯ ಹರಡುವುದನ್ನೆಲ್ಲ ಹರಡಿ ಮುಗಿಸಿರುತ್ತಾನೆ. ಆದ್ದರಿಂದ ವಾರಕ್ಕೆರಡು ಅನ್ನುವುದು ಮೂರ್ಖತನ ಅಲ್ಲ. ಸೋಂಕು ಜೋರಾಗಿರುವ ಕಡೆ ಅದು ನಿಜವಾಗಿ ಕೆಲಸ ಮಾಡುವ ಎಣಿಕೆ.

---

ಅಂಕಿಅಂಶ

ಲ್ಯಾಬ್‌ಕಟ್ಟೆ ಅವರು ಹೇಳಿದ ಜೀವಶಾಸ್ತ್ರದ ಬಗ್ಗೆ ತಕರಾರಿಲ್ಲ. ಆದರೆ "ಎಲ್ಲರೂ ವಾರಕ್ಕೆರಡು" ಅನ್ನುವುದನ್ನು ಒಪ್ಪಲಾರೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞ ಜಾನ್ ಡೀಕ್ಸ್ ಇದನ್ನು ಬಹಿರಂಗವಾಗಿ ವಿರೋಧಿಸಿದ್ದು ಸುಮ್ಮನೆ ಅಲ್ಲ.

2020ರ ನವೆಂಬರ್‌ನಲ್ಲಿ ಲಿವರ್‌ಪೂಲ್‌ನಲ್ಲಿ ಲಕ್ಷಣ ಇಲ್ಲದವರಿಗೆ ಸಾಮೂಹಿಕ ಟೆಸ್ಟ್ ನಡೆಸಿದರು. ಪಿಸಿಆರ್ ಹಿಡಿದ ಸೋಂಕುಗಳಲ್ಲಿ ಇನ್ನೋವಾ ಕಂಪನಿಯ ಆಂಟಿಜೆನ್ ಪಟ್ಟಿ ಹಿಡಿದದ್ದು ಶೇ. 40 ಮಾತ್ರ. ವೈರಸ್ ಹೆಚ್ಚಿದ್ದವರಲ್ಲೂ ಮೂವರಲ್ಲಿ ಒಬ್ಬರು ತಪ್ಪಿಸಿಕೊಂಡರು. ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2021ರ ಕಾಕ್ರೇನ್ ವಿಮರ್ಶೆಯಲ್ಲಿ ಇಂಥ ಪಟ್ಟಿಗಳು ಹಿಡಿದದ್ದು ಲಕ್ಷಣ ಇರುವವರಲ್ಲಿ ಸರಾಸರಿ ಶೇ. 72, ಇಲ್ಲದವರಲ್ಲಿ ಶೇ. 58. ಒಂದು ನೆಗೆಟಿವ್ ಹಿಡಿದುಕೊಂಡು ಅಜ್ಜಿಯ ಪಕ್ಕ ಕೂತರೆ ಏನಾಗಬಹುದು ಅನ್ನುವುದು ಇದರಲ್ಲೇ ಗೊತ್ತಾಗುತ್ತೆ. "ಟೆಸ್ಟ್ ಮಾಡಿಸಿದ್ದೇನೆ, ನನಗೇನಿಲ್ಲ" ಅನ್ನುವ ಧೈರ್ಯವೇ ಅಪಾಯ.

ಇನ್ನೊಂದು ಕಡೆ ಸುಳ್ಳು ಪಾಸಿಟಿವ್, ಅಂದರೆ ಸೋಂಕಿಲ್ಲದವರಿಗೂ ಗೆರೆ ಬರುವುದು. 10,000 ಜನ ಟೆಸ್ಟ್ ಮಾಡಿಕೊಂಡರು ಅನ್ನೋಣ. ಪಟ್ಟಿ ಸೋಂಕಿತರಲ್ಲಿ ಶೇ. 70 ಹಿಡಿಯುತ್ತೆ, ಸೋಂಕಿಲ್ಲದ ಸಾವಿರದಲ್ಲಿ ಮೂವರಿಗೆ ತಪ್ಪಾಗಿ ಗೆರೆ ತೋರಿಸುತ್ತೆ ಅಂತ ಇಟ್ಟುಕೊಳ್ಳಿ.

ಅಲೆ ಜೋರಾಗಿದ್ದು 20 ಜನರಲ್ಲಿ ಒಬ್ಬರಿಗೆ ಸೋಂಕಿದ್ದರೆ: ಸೋಂಕಿತರು 500, ಸಿಕ್ಕವರು 350, ಸುಳ್ಳು ಪಾಸಿಟಿವ್ ಸುಮಾರು 28. ಗೆರೆ ಬಂದರೆ ನಂಬಬಹುದು.

ಅಲೆ ಇಳಿದು 1,000 ಜನರಲ್ಲಿ ಒಬ್ಬರಿಗಿದ್ದರೆ: ಸೋಂಕಿತರು 10, ಸಿಕ್ಕವರು 7, ಸುಳ್ಳು ಪಾಸಿಟಿವ್ ಸುಮಾರು 30. ಗೆರೆ ಬಂದ ಐವರಲ್ಲಿ ನಾಲ್ವರು ಕೆಲಸ, ಶಾಲೆ ಬಿಟ್ಟು ಸುಮ್ಮನೆ ಮನೆಯಲ್ಲಿ ಕೂರಬೇಕು.

ಕಿಟ್ ಅದೇ, ಕೈ ಅದೇ. ಬದಲಾದದ್ದು ಊರಿನಲ್ಲಿರುವ ಸೋಂಕು. ಸುಳ್ಳು ಪಾಸಿಟಿವ್ ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದು ಬ್ರಿಟನ್ ಸರ್ಕಾರ ಹೇಳಿತ್ತು. ಸಾವಿರಕ್ಕೆ ಸರಿಯಾಗಿ ಒಂದು ಅಂತಲೇ ಹಿಡಿದರೂ, ವಾರಕ್ಕೆರಡರಂತೆ ವರ್ಷಕ್ಕೆ 104 ಟೆಸ್ಟ್ ಮಾಡಿಕೊಂಡವರಿಗೆ ಒಮ್ಮೆಯಾದರೂ ಸುಳ್ಳು ಗೆರೆ ಬರುವ ಸಾಧ್ಯತೆ ಸುಮಾರು ಶೇ. 10. ಐಸಿಎಂಆರ್ ನಿಯಮವನ್ನು ಜಿಪುಣತನ ಅನ್ನುವವರು ಇದನ್ನು ಗಮನಿಸಬೇಕು. ಆಗ ಒಂದು ಕಿಟ್ಟಿಗೆ 250 ರೂಪಾಯಿ. ನಾಲ್ಕು ಜನರ ಮನೆಗೆ ವಾರಕ್ಕೆರಡು ಅಂದರೆ ತಿಂಗಳಿಗೆ 8,000 ರೂಪಾಯಿ. ಯಾವ ಮನೆ ತಡೆದುಕೊಳ್ಳುತ್ತೆ?

---

ಲ್ಯಾಬ್‌ಕಟ್ಟೆ

ಖರ್ಚಿನ ಮಾತು ಸರಿ, ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಆದರೆ ಶೇ. 40 ಅನ್ನುವ ಸಂಖ್ಯೆಯನ್ನು ಹಾಗೇ ಬಿಡಲಾರೆ. ಪಿಸಿಆರ್ ವಾಸಿಯಾದ ಮೇಲೂ ವಾರಗಟ್ಟಲೆ ಪಾಸಿಟಿವ್ ತೋರಿಸುತ್ತೆ. ಅಂಥವರನ್ನು ಆಂಟಿಜೆನ್ ಹಿಡಿಯದಿದ್ದರೆ ಅದು ಪೂರ್ತಿ ಪಟ್ಟಿಯ ತಪ್ಪಲ್ಲ, ಅವರಲ್ಲಿ ಹರಡುವ ವೈರಸ್ಸೇ ಉಳಿದಿರುವುದಿಲ್ಲ.

ಇಂಗ್ಲೆಂಡಿನ 201 ಶಾಲೆಗಳಲ್ಲಿ ನಡೆದ ಪ್ರಯೋಗವನ್ನೂ ಸೇರಿಸಿ ನೋಡಿ. ಸೋಂಕಿತರ ಸಂಪರ್ಕಕ್ಕೆ ಬಂದ ಮಕ್ಕಳನ್ನು ಅರ್ಧ ಶಾಲೆಗಳಲ್ಲಿ ಹತ್ತು ದಿನ ಮನೆಯಲ್ಲಿ ಕೂರಿಸಿದರು. ಉಳಿದ ಅರ್ಧದಲ್ಲಿ ಏಳು ದಿನ ದಿನಾ ಟೆಸ್ಟ್ ಮಾಡಿ, ನೆಗೆಟಿವ್ ಬಂದವರನ್ನು ಒಳಗೆ ಬಿಟ್ಟರು. ದಿನಾ ಟೆಸ್ಟ್ ಮಾಡಿದ ಕಡೆ ಸೋಂಕು ಹೆಚ್ಚಾಗಿ ಹರಡಲಿಲ್ಲ ಎಂದು 2021ರ ಸೆಪ್ಟೆಂಬರ್‌ನಲ್ಲಿ ವರದಿ ಬಂತು. ಪ್ರತಿ ನೆಗೆಟಿವ್‌ನಲ್ಲೂ ಉಳಿಯುವ ಅನುಮಾನವನ್ನು ಮರುದಿನದ ಟೆಸ್ಟ್ ಸ್ವಲ್ಪಸ್ವಲ್ಪ ತೊಳೆಯುತ್ತೆ.

ಸುಳ್ಳು ಪಾಸಿಟಿವ್ ಬಗ್ಗೆಯೂ ಒಂದು ಎಚ್ಚರಿಕೆ. ಅದೇ ವರ್ಷ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ನೈರುತ್ಯ ಇಂಗ್ಲೆಂಡಿನಲ್ಲಿ ಸಾವಿರಾರು ಜನರಿಗೆ ಮನೆಯಲ್ಲಿ ಪಾಸಿಟಿವ್, ಲ್ಯಾಬಿನ ಪಿಸಿಆರ್‌ನಲ್ಲಿ ನೆಗೆಟಿವ್ ಬಂತು. ಪಟ್ಟಿಯೇ ಸುಳ್ಳು ಅಂದುಕೊಂಡು ಜನ ಕೆಲಸಕ್ಕೆ ಹೋದರು. ಆಮೇಲೆ ನೋಡಿದರೆ ತಪ್ಪಿದ್ದದ್ದು ವುಲ್ವರ್‌ಹ್ಯಾಂಪ್ಟನ್‌ನ ಒಂದು ಖಾಸಗಿ ಲ್ಯಾಬಿನಲ್ಲಿ. ಸುಮಾರು 43,000 ಜನರಿಗೆ ತಪ್ಪು ನೆಗೆಟಿವ್ ಹೋಗಿರಬಹುದು ಅಂತ ಅಂದಾಜಿಸಿದರು. ಲಕ್ಷಣವೂ ಇದ್ದು, ಊರಲ್ಲಿ ಸೋಂಕೂ ಇದ್ದರೆ, ಮನೆಯ ಪಟ್ಟಿ ತೋರಿಸಿದ ಗೆರೆಯನ್ನು ತಳ್ಳಿಹಾಕಬೇಡಿ.

---

ಮಾತ್ರೆಪೊಟ್ಟಣ

ಎಷ್ಟು ಸಲ ಅನ್ನುವ ಜಗಳದಲ್ಲಿ ಹೇಗೆ ಅನ್ನುವುದು ಮರೆತುಹೋಗಿದೆ. ಕೆಟ್ಟದಾಗಿ ಮಾಡಿದ ಮೂರು ಟೆಸ್ಟ್ ಸರಿಯಾಗಿ ಮಾಡಿದ ಒಂದಕ್ಕೆ ಸಮ ಅಲ್ಲ.

ಟ್ಯೂಬಿನಿಂದ ಪಟ್ಟಿಗೆ ಹಾಕುವ ಹನಿಯ ಎಣಿಕೆ ಕಿಟ್ಟಿನಿಂದ ಕಿಟ್ಟಿಗೆ ಬೇರೆ. ಕೋವಿಸೆಲ್ಫ್‌ಗೆ 2, ಐಹೆಲ್ತ್‌ಗೆ 3, ಫ್ಲೋಫ್ಲೆಕ್ಸ್‌ಗೆ 4. ಬೈನಾಕ್ಸ್‌ನೌನಲ್ಲಿ ಕ್ರಮವೇ ಬೇರೆ: ಮೊದಲು ಕಾರ್ಡಿನ ಮೇಲಿನ ತೂತಿಗೆ 6 ಹನಿ, ಆಮೇಲೆ ಕಡ್ಡಿಯನ್ನೇ ಕಾರ್ಡಿನೊಳಗೆ ತೂರಿಸಬೇಕು. ಹನಿ ಕಡಿಮೆಯಾದರೆ ದ್ರವ ಪಟ್ಟಿಯ ತುದಿ ಮುಟ್ಟುವುದಿಲ್ಲ, ಸಿ ಗೆರೆ ಬರುವುದಿಲ್ಲ. ಹೆಚ್ಚಾದರೆ ಪಟ್ಟಿ ಒದ್ದೆಮುದ್ದೆಯಾಗಿ ಬಣ್ಣ ಹರಡುತ್ತೆ. ಟ್ಯೂಬನ್ನು ನೆಟ್ಟಗೆ ಹಿಡಿದು ಹಿಸುಕಿ. ಓರೆಯಾಗಿ ಹಿಡಿದರೆ ಗುಳ್ಳೆ ಬರುತ್ತೆ, ಗುಳ್ಳೆಯನ್ನು ಹನಿ ಅಂತ ಎಣಿಸಿಬಿಡುತ್ತೀರಿ.

ಕಡ್ಡಿ: ಮೊದಲು ಮೂಗು ಸೀನಿ ಸ್ವಚ್ಛ ಮಾಡಿಕೊಳ್ಳಿ. ಕೋವಿಸೆಲ್ಫ್‌ನಲ್ಲಿ 2ರಿಂದ 4 ಸೆಂ.ಮೀ. ಒಳಗೆ ಹೋಗಬೇಕು, ಗೋಡೆಗೆ ಒತ್ತಿ ಐದು ಸುತ್ತು, ಅದೇ ಕಡ್ಡಿಯಲ್ಲಿ ಇನ್ನೊಂದು ಹೊಳ್ಳೆಗೂ ಐದು ಸುತ್ತು. ಹೊಳ್ಳೆಯ ಬಾಯಲ್ಲಿ ಸವರಿ ತೆಗೆದರೆ ಮೂರು ಸಲವಲ್ಲ, ಮೂವತ್ತು ಸಲ ಮಾಡಿದರೂ ನೆಗೆಟಿವ್ವೇ. ಆಮೇಲೆ ಟ್ಯೂಬಿನ ದ್ರವದಲ್ಲಿ ಕಡ್ಡಿಯನ್ನು ಚೆನ್ನಾಗಿ ತಿರುಗಿಸಿ, ಹೊರಗೆಳೆಯುವಾಗ ಟ್ಯೂಬಿನ ಎರಡೂ ಬದಿ ಒತ್ತಿ ಹತ್ತಿಯಲ್ಲಿರುವುದನ್ನು ಹಿಂಡಿ.

ಹೊತ್ತು: ಕೋವಿಸೆಲ್ಫ್‌ಗೆ 15 ನಿಮಿಷ. 20 ದಾಟಿದ ಮೇಲೆ ಕಂಡದ್ದು ಲೆಕ್ಕಕ್ಕಿಲ್ಲ. ರಾತ್ರಿ ಮಾಡಿಟ್ಟು ಬೆಳಿಗ್ಗೆ ನೋಡಿ "ಎರಡನೇ ಗೆರೆ ಬಂದಿದೆ" ಅಂದರೆ ಅದು ದ್ರವ ಆರಿದಾಗ ಉಳಿದ ಬೂದು ಗುರುತೂ ಇರಬಹುದು. ಆದರೆ ಹೇಳಿದ ಹೊತ್ತಿನೊಳಗೆ ಬಣ್ಣದ ಗೆರೆ ಎಷ್ಟೇ ಮಸುಕಾಗಿ ಬಂದರೂ ಪಾಸಿಟಿವ್ ಪಾಸಿಟಿವ್ವೇ.

ಸಾಮಾನ್ಯವಾಗಿ ಈ ಕಿಟ್‌ಗಳ ಡಬ್ಬಿಯ ಮೇಲೆ 2ರಿಂದ 30 ಡಿಗ್ರಿ ಅಂತ ಬರೆದಿರುತ್ತೆ. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ 40 ದಾಟುತ್ತೆ. ಬೈಕಿನ ಡಿಕ್ಕಿಯಲ್ಲೋ ಕಿಟಕಿ ಪಕ್ಕದಲ್ಲೋ ಇಟ್ಟ ಕಿಟ್ಟಿನ ನೆಗೆಟಿವ್ ನಂಬಬೇಡಿ. ಅಮೆರಿಕದ ಚಳಿ ಊರುಗಳಲ್ಲಿರುವವರಿಗೆ ಉಲ್ಟಾ ಸಮಸ್ಯೆ: ಅಂಚೆ ಡಬ್ಬಿಯಲ್ಲಿ ಹೆಪ್ಪುಗಟ್ಟಿದ ಕಿಟ್ ಬಂದರೆ, ಪೊಟ್ಟಣ ಒಡೆಯದೆ ಎರಡು ಗಂಟೆ ಮನೆಯೊಳಗೆ ಇಟ್ಟು ಆಮೇಲೆ ಬಳಸಿ ಎಂದು ಎಫ್‌ಡಿಎ ಹೇಳಿದೆ. ಬಿಸಿ ಮಾಡಲು ಒಲೆ ಹತ್ತಿರ ಇಡಬೇಡಿ.

ಮಕ್ಕಳಿರುವ ಮನೆಯವರು ಓದಲೇಬೇಕಾದ್ದು: ಬಿಡಿ ಬಾಟಲಿಯಲ್ಲಿ ಬರುವ ದ್ರವ ನೋಡಲು ಕಣ್ಣಿನ ಹನಿಯ ಬಾಟಲಿಯಂತೆಯೇ ಇರುತ್ತೆ. ಕಣ್ಣಿಗೆ ಹಾಕಿಕೊಂಡು ಗಾಯ ಮಾಡಿಕೊಂಡವರಿದ್ದಾರೆ. 2022ರಲ್ಲಿ ಎಫ್‌ಡಿಎ ಇದಕ್ಕೆಂದೇ ಎಚ್ಚರಿಕೆ ಕೊಟ್ಟಿತು. ಕೆಲವು ಕಿಟ್‌ಗಳ ದ್ರವದಲ್ಲಿ ಸೋಡಿಯಂ ಅಝೈಡ್ ಎಂಬ ವಿಷಕಾರಿ ರಾಸಾಯನಿಕ ಇರುತ್ತೆ. ಮಾತ್ರೆ, ಹನಿಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ.

---

ತುಂಗಾತೀರ

ಮೂವರಿಗೂ ಧನ್ಯವಾದ. ಹಾಗಾದರೆ ಕೈಯಲ್ಲಿ ನಾಲ್ಕೇ ಕಿಟ್ ಇದ್ದರೆ ಹೇಗೆ ಹಂಚಬೇಕು? ಪಾಸಿಟಿವ್ ಬಂದ ಮೇಲೆ ಹೊರಗೆ ಬರಲು ಮತ್ತೆ ಟೆಸ್ಟ್ ಬೇಕೇ?

---

ಅಂಕಿಅಂಶ

ಇದರಲ್ಲಿ ನನಗೂ ಲ್ಯಾಬ್‌ಕಟ್ಟೆ ಅವರಿಗೂ ಜಗಳ ಬರಲಾರದು.

ಲಕ್ಷಣ ಇದ್ದರೆ: ಶುರುವಾದ ದಿನ ಒಂದು, ನೆಗೆಟಿವ್ ಆದರೆ 48 ಗಂಟೆ ಬಿಟ್ಟು ಇನ್ನೊಂದು. ಈ ನಡುವೆ ಮಾಸ್ಕ್ ಹಾಕಿಕೊಂಡು, ಸೋಂಕಿದೆ ಅಂತಲೇ ನಡೆದುಕೊಳ್ಳಿ. ವಯಸ್ಸಾದವರು, ಸಕ್ಕರೆ ಕಾಯಿಲೆ ಇರುವವರು, ಉಸಿರಾಟದ ತೊಂದರೆ ಇರುವವರು ಎರಡನೆಯದಕ್ಕೆ ಕಾಯದೆ ಡಾಕ್ಟರ ಹತ್ತಿರ ಹೋಗಿ ಪಿಸಿಆರ್ ಮಾಡಿಸಲಿ. ಲಕ್ಷಣ ಇದ್ದು ನೆಗೆಟಿವ್ ಬಂದವರಿಗೆ ಐಸಿಎಂಆರ್ ಮೊದಲಿನಿಂದಲೂ ಹೇಳಿದ್ದು ಅದನ್ನೇ.

ಲಕ್ಷಣ ಇಲ್ಲ, ಸೋಂಕಿತರ ಜೊತೆ ಇದ್ದಿರಿ: ಗಾಬರಿಯಲ್ಲಿ ಮರುದಿನವೇ ಒಡೆದರೆ ಒಂದು ಕಿಟ್ ದಂಡ. ಐದು ದಿನ ತುಂಬಲಿ. ಆಮೇಲೆ ಎರಡು ದಿನಕ್ಕೊಂದರಂತೆ ಮೂರು. ನಾಲ್ಕನೆಯದನ್ನು ಗಂಟಲು ಕೆರೆತ ಶುರುವಾದರೆ ಅಂತ ಎತ್ತಿಡಿ.

ವಯಸ್ಸಾದವರನ್ನು ನೋಡಲು ಹೋಗುವಾಗ: ಎರಡು ದಿನ ಮುಂಚೆ ಒಂದು, ಹೊರಡುವ ದಿನ ಬೆಳಿಗ್ಗೆ ಒಂದು. ಒಂದೇ ಇದ್ದರೆ ಬೆಳಿಗ್ಗೆಯದನ್ನು ಉಳಿಸಿಕೊಳ್ಳಿ, ಹಿಂದಿನ ರಾತ್ರಿ ಬೇಡ. ಮೂಗು ಸೋರುತ್ತಿದ್ದರೆ ನೆಗೆಟಿವ್ ಬಂದರೂ ಹೋಗಬೇಡಿ.

ಸುಮ್ಮನೆ ವಾರಕ್ಕೆರಡು: ಆಸ್ಪತ್ರೆಯಲ್ಲೋ ವೃದ್ಧಾಶ್ರಮದಲ್ಲೋ ಕೆಲಸ ಮಾಡುವವರಿಗೆ, ಅಲೆ ಎದ್ದಿರುವಾಗ ಸರಿ. ಉಳಿದವರಿಗೆ ಬೇಡ.

ಹೊರಗೆ ಬರುವ ವಿಷಯದಲ್ಲೂ ದೇಶಕ್ಕೊಂದು ದಾರಿ ಇತ್ತು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಡಿಸೆಂಬರ್ 27ರಂದು ಪ್ರತ್ಯೇಕವಾಗಿರುವ ಅವಧಿಯನ್ನು ಟೆಸ್ಟೇ ಇಲ್ಲದೆ ಐದು ದಿನಕ್ಕೆ ಇಳಿಸಿತು. ಟೀಕೆ ಬಂದ ಮೇಲೆ ಜನವರಿ 4ಕ್ಕೆ, ಬೇಕೆನಿಸಿದವರು ಕೊನೆಯಲ್ಲಿ ಟೆಸ್ಟ್ ಮಾಡಿಕೊಳ್ಳಬಹುದು ಅಂತ ಸೇರಿಸಿತು. ಇಂಗ್ಲೆಂಡ್ ಜನವರಿ 17ರಿಂದ ಐದು ಮತ್ತು ಆರನೇ ದಿನ ಎರಡೂ ನೆಗೆಟಿವ್ ಬಂದರೆ ಬಿಡಿ ಅಂದಿತು. ಭಾರತದಲ್ಲಿ ಏಳು ದಿನ, ಜೊತೆಗೆ ಕೊನೆಯ ಮೂರು ದಿನ ಜ್ವರ ಇರಬಾರದು, ಮರುಟೆಸ್ಟ್ ಬೇಡ ಎಂಬ ನಿಯಮವಿತ್ತು. ಕಿಟ್ ಉಳಿದಿದ್ದರೆ ಇಂಗ್ಲೆಂಡಿನ ದಾರಿ ಒಳ್ಳೆಯದು. ಉಳಿದಿಲ್ಲದಿದ್ದರೆ ನಮ್ಮದೇ ಸಾಕು, ಇನ್ನೂ ಮೂರು ದಿನ ಮಾಸ್ಕ್ ಬಿಡಬೇಡಿ. ಹೊರಗೆ ಬರಲೆಂದು ಪಿಸಿಆರ್ ಮಾತ್ರ ಮಾಡಿಸಬೇಡಿ. ಯಾಕೆಂದು ಲ್ಯಾಬ್‌ಕಟ್ಟೆ ಆಗಲೇ ಹೇಳಿದ್ದಾರೆ.

---

ಲ್ಯಾಬ್‌ಕಟ್ಟೆ

ವಾರಕ್ಕೆರಡು ಟೆಸ್ಟ್ ಬೇಕಾದವರ ಸಾಲಿಗೆ ಕೀಮೋ ನಡೆಯುತ್ತಿರುವವರ, ಕಿಡ್ನಿ ಕಸಿ ಆದವರ ಜೊತೆ ಒಂದೇ ಮನೆಯಲ್ಲಿರುವವರನ್ನೂ ಸೇರಿಸಿ. ಉಳಿದದ್ದಕ್ಕೆ ಒಪ್ಪಿಗೆ.

ಹಳೇ ಕಿಟ್ ಇಟ್ಟುಕೊಂಡಿರುವವರು ಒಡೆಯುವ ಮುಂಚೆ ಡಬ್ಬಿಯ ಲಾಟ್ ನಂಬರ್ ನೋಡಿ. ಅಮೆರಿಕದಲ್ಲಿ ಮಾರಿದ ಹಲವು ಕಿಟ್‌ಗಳ ಅವಧಿಯನ್ನು ಎಫ್‌ಡಿಎ ಆಮೇಲೆ ವಿಸ್ತರಿಸಿದೆ, ಅವರ ವೆಬ್‌ಸೈಟಿನ ಪಟ್ಟಿಯಲ್ಲಿ ಹೊಸ ದಿನಾಂಕ ಸಿಗುತ್ತೆ. ಆ ಪಟ್ಟಿ ಅಮೆರಿಕದ ಕಿಟ್‌ಗಳಿಗೆ ಮಾತ್ರ. ಇಲ್ಲಿ ಕೊಂಡದ್ದರ ಮೇಲೆ ಅಚ್ಚಾದ ದಿನಾಂಕ ದಾಟಿದ್ದರೆ ಬಳಸಬೇಡಿ.