ಡಿವಿಡಿ ಅರ್ಧಕ್ಕೆ ನಿಲ್ಲುತ್ತಿದೆ: ದೋಷ ಡ್ರೈವಿನದೋ, ಡಿಸ್ಕಿನದೋ?

ಪ್ರಶ್ನೆ – ಮಡಿಕೇರಿಯಿಂದ

ಮಾನ್ಯರೇ, ನಮ್ಮ ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇದೆ. ಹಾಡಿನ ಸಿಡಿಗಳೆಲ್ಲ ತೊಂದರೆಯಿಲ್ಲದೆ ಓಡುತ್ತವೆ. ಆದರೆ 2008ರಲ್ಲಿ ನಡೆದ ಅಕ್ಕನ ಮದುವೆಯ ಡಿವಿಡಿಯನ್ನು ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರಿನಲ್ಲಿ ಹಾಕಿದರೆ, ಮುಹೂರ್ತದವರೆಗೆ ಸರಿಯಾಗಿ ಬಂದು, ಗಂಗಾಪೂಜೆ ಆರಂಭವಾಗುತ್ತಿದ್ದಂತೆ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ. ಡ್ರೈವಿನಿಂದ ಟಕ್ ಟಕ್ ಎಂಬ ಸದ್ದೂ ಕೇಳಿಸುತ್ತದೆ. ರಿಪೇರಿಯವರು ವಿಂಡೋಸನ್ನೇ ಹೊಸದಾಗಿ ಹಾಕಬೇಕೆನ್ನುತ್ತಾರೆ. ಅದರಿಂದ ಪ್ರಯೋಜನವಿದೆಯೇ?

ಉತ್ತರ – ಗೋಣಿಕೊಪ್ಪದಿಂದ

ಪ್ರಯೋಜನವಿಲ್ಲ. ವಿಂಡೋಸ್ 8ರಿಂದೀಚೆಗೆ ಮೈಕ್ರೋಸಾಫ್ಟ್ ತನ್ನ ಮೀಡಿಯಾ ಪ್ಲೇಯರಿನಿಂದ ಡಿವಿಡಿ ಸೌಲಭ್ಯವನ್ನು ಕೈಬಿಟ್ಟಿರುವುದು ನಿಜ. ಆದರೆ ವಿಎಲ್‌ಸಿಯಲ್ಲಿ ಆರಂಭವಾಗಿ ನಡುವೆ ನಿಲ್ಲುವುದು ಸಾಫ್ಟ್‌ವೇರಿನ ಕೊರತೆಯಲ್ಲ, ಓದುವಿಕೆಯ ತೊಡಕು. ಸಿಡಿ ಓಡುತ್ತದೆಂದ ಮಾತ್ರಕ್ಕೆ ಡ್ರೈವ್ ಸರಿಯಿದೆ ಎನ್ನಲೂ ಬರುವುದಿಲ್ಲ. ಸಿಡಿಗೆ 780 ನ್ಯಾನೋಮೀಟರಿನ ಅವಕೆಂಪು ಲೇಸರ್, ಡಿವಿಡಿಗೆ 650 ನ್ಯಾನೋಮೀಟರಿನ ಕೆಂಪು ಲೇಸರ್ ಬೇಕಾಗುವುದರಿಂದ, ಒಂದು ಕ್ಷೀಣಿಸಿದರೂ ಇನ್ನೊಂದು ಚೆನ್ನಾಗಿಯೇ ಇರಬಹುದು. ಯುಎಸ್‌ಬಿಗೆ ಚುಚ್ಚುವ ಹೊರಡ್ರೈವನ್ನು ಯಾರಿಂದಲಾದರೂ ಎರವಲು ತಂದು ಅದೇ ಡಿಸ್ಕನ್ನು ಹಾಕಿ ನೋಡಿ. ಅಲ್ಲಿಯೂ ಅದೇ ಜಾಗದಲ್ಲಿ ನಿಂತರೆ ದೋಷ ಡಿಸ್ಕಿನದು.

ಉತ್ತರ – ವಿರಾಜಪೇಟೆಯಿಂದ

ನಮ್ಮ ಕಡೆಯ ಮಳೆಗಾಲದಲ್ಲಿ ಚಪ್ಪಲಿಗೂ ಪುಸ್ತಕಕ್ಕೂ ಹಿಡಿಯುವ ಬೂಷ್ಟು ಡಿಸ್ಕನ್ನೂ ಬಿಡುವುದಿಲ್ಲ. ದಾಖಲೆಯು ನಡುವಿನಿಂದ ಅಂಚಿನ ಕಡೆಗೆ ಸುರುಳಿಯಾಗಿ ಸಾಗುವುದರಿಂದ, ಆರಂಭ ಸರಿಯಿದ್ದು ಮುಂದೆ ಕೆಟ್ಟಿದ್ದರೆ ಹೊರಭಾಗವನ್ನೇ ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ಪರೀಕ್ಷಿಸಬೇಕು. ಬಿಳಿಯ ಎಳೆಗಳು ಕಂಡರೆ, ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪಿನ ದ್ರಾವಣವನ್ನು ಒಂದು ಹನಿ ಬೆರೆಸಿ, ಮೆತ್ತನೆಯ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ದುಂಡಗೆ ಉಜ್ಜಬೇಡಿ, ಹಾಗೆ ಬಿದ್ದ ಗೀರು ಸುರುಳಿಯ ಜಾಡಿನ ಉದ್ದಕ್ಕೇ ಸಾಗುವುದರಿಂದ ಡ್ರೈವಿನ ದೋಷ ತಿದ್ದುವ ವ್ಯವಸ್ಥೆಗೆ ಅದನ್ನು ಸರಿದೂಗಿಸಲಾಗುವುದಿಲ್ಲ. ಟೂತ್‌ಪೇಸ್ಟ್ ಹಚ್ಚುವ ಸಲಹೆಯನ್ನು ಯಾರು ಕೊಟ್ಟರೂ ಕೇಳಬೇಡಿ.

ಮರುಪ್ರಶ್ನೆ – ಮಡಿಕೇರಿಯಿಂದ

ಇಬ್ಬರಿಗೂ ಧನ್ಯವಾದಗಳು. ನೆರೆಮನೆಯವರ ಡ್ರೈವಿನಲ್ಲಿಯೂ ಡಿಸ್ಕ್ ಅಲ್ಲಿಯೇ ನಿಂತಿತು. ಅಂಚಿನ ಬಳಿ ಎಳೆಗಳೂ ಇದ್ದವು. ತೊಳೆದ ಮೇಲೆ ಗಂಗಾಪೂಜೆ ಪೂರ್ತಿ ಬರುತ್ತಿದೆ. ಕೊನೆಯ ಸ್ವಲ್ಪ ಭಾಗ ಮಾತ್ರ ಈಗಲೂ ಸಿಲುಕುತ್ತದೆ.

ಉತ್ತರ – ಗೋಣಿಕೊಪ್ಪದಿಂದ

ಹಾಗಾದರೆ ಮತ್ತೆ ಮತ್ತೆ ಹಾಕಿ ನೋಡುತ್ತ ಕೂರದೆ ಮೊದಲು ನಕಲು ಮಾಡಿಕೊಳ್ಳಿ. ಸ್ಟುಡಿಯೋದವರು ಬರೆದುಕೊಡುವ ಡಿವಿಡಿಯಲ್ಲಿ ಮಾಹಿತಿ ನಿಂತಿರುವುದು ಒಂದು ಬಣ್ಣದ ಪದರದ ಮೇಲೆ. ವರ್ಷಗಳು ಕಳೆದಂತೆ ಅದು ಮಾಸುತ್ತದೆ, ಮಾಸಿದ್ದನ್ನು ಯಾವ ತೊಳೆತವೂ ಮರಳಿಸದು. ಸಾಮಾನ್ಯ ಕಾಪಿ ಆಜ್ಞೆ ಕೆಟ್ಟ ಜಾಗದಲ್ಲಿ ಕೈಚೆಲ್ಲುತ್ತದೆ. ವಿಂಡೋಸಿನಂತೆಯೇ ಇನ್ನೊಂದು ಕಾರ್ಯಾಚರಣ ವ್ಯವಸ್ಥೆಯಾದ ಲಿನಕ್ಸಿನಲ್ಲಿ ದೊರೆಯುವ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವಾದರೋ ಓದಲು ಬಂದದ್ದನ್ನು ಮೊದಲು ಉಳಿಸಿಕೊಂಡು, ಬಾರದ ಭಾಗಗಳ ಪಟ್ಟಿಯನ್ನು ಕಡತವೊಂದರಲ್ಲಿ ಇಟ್ಟುಕೊಂಡು, ಆಮೇಲೆ ಅವನ್ನಷ್ಟೇ ಮತ್ತೆ ಪ್ರಯತ್ನಿಸುತ್ತದೆ. ಆ ಪಟ್ಟಿಯನ್ನು ಅಳಿಸದೆ, ಉಳಿದ ಭಾಗಕ್ಕೆ ನೆರೆಮನೆಯವರ ಡ್ರೈವನ್ನು ಬಳಸಿ. ಒಂದು ಡ್ರೈವಿಗೆ ಓದಲಾಗದ್ದು ಇನ್ನೊಂದಕ್ಕೆ ಸಿಗುವುದುಂಟು.