ಪದಚರ್ಚೆ: ‘ಸರ್ಕ್ಯುಲರ್ ಎಕಾನಮಿ’, ‘ಕಾಮನ್ ಪಾಟ್’: ಕನ್ನಡದಲ್ಲಿ ಏನನ್ನೋಣ?

ಬಳಗದ ಎಲ್ಲರಿಗೂ ಶರಣು.

ಧಾರವಾಡದ ಸಂಶೋಧನಾ ವಿದ್ಯಾರ್ಥಿಗಳಿಗಾಗಿ ಒಂದು ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ಸರ್ಕ್ಯುಲರ್ ಎಕಾನಮಿ ಕುರಿತ ಸಂಶೋಧನೆಗೆ ಹಲವು ದೇಶಗಳ ಸರ್ಕಾರಗಳು ಕೂಡಿ ಹಣ ಒದಗಿಸುವುದು ಹೇಗೆ ಎಂಬುದು ಅದರ ವಿಷಯ. ಕೆಲವು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಮೊದಲು ಹೆಸರೇ. ‘ವೃತ್ತಾಕಾರದ ಆರ್ಥಿಕತೆ’, ‘ಚಕ್ರೀಯ ಆರ್ಥಿಕತೆ’ ಎರಡನ್ನೂ ಓದಿದ್ದೇನೆ. ‘ವೃತ್ತಾಕಾರ’ ಬರೀ ಆಕಾರ ಹೇಳುತ್ತದೆ. ಸುತ್ತುವುದು ಏನು ಎಂದು ಹೇಳುವುದಿಲ್ಲ. ‘ಚಕ್ರೀಯ’ದ ತೊಡಕು ಇನ್ನೂ ದೊಡ್ಡದು. ಅರ್ಥಶಾಸ್ತ್ರ ಓದಿದವರಿಗೆ ವ್ಯಾಪಾರ ಚಕ್ರದ ಏರಿಳಿತ ನೆನಪಾಗುತ್ತದೆ, ರೈತರಿಗೆ ಚಕ್ರಬಡ್ಡಿ. ಇಲ್ಲಿ ಬೇಕಾದ ಅರ್ಥ ಬೇರೆ: ತಯಾರಾದ ವಸ್ತು ಕಸವಾಗದೆ ಮತ್ತೆ ಬಳಕೆಗೆ ಮರಳುವುದು. ನಮ್ಮ ಎರೆಸೀಮೆಗೆ ಇದು ಗೊತ್ತಿರುವ ಸಂಗತಿ. ಅರಳೆ ಗಿರಣಿಗೆ, ಹತ್ತಿಕಾಳು ಗಾಣಕ್ಕೆ, ಹಿಂಡಿ ಎಮ್ಮೆಗೆ, ಸಗಣಿ ತಿಪ್ಪೆಗೆ, ತಿಪ್ಪೆಗೊಬ್ಬರ ತಿರುಗಿ ಹೊಲಕ್ಕೆ. ಅವ್ವ ಉಟ್ಟು ಹಳತಾದ ಸೀರೆ ಕೌದಿಯಾಗುತ್ತಿತ್ತು. ಅದಕ್ಕೇ ನಾನು ‘ಸುತ್ತುಬಳಕೆಯ ಆರ್ಥಿಕತೆ’ ಎಂದು ಬರೆದುಕೊಂಡಿದ್ದೇನೆ. ನಾಲಿಗೆಗೆ ಒಗ್ಗೀತೇ?

ಇದರ ಜೊತೆಗೇ ‘ಮರುಬಳಕೆ’. ಶೀಸೆ ತೊಳೆದು ಮತ್ತೆ ಎಣ್ಣೆ ತುಂಬಿದರೂ ಮರುಬಳಕೆ, ಶೀಸೆ ಒಡೆದು ಕರಗಿಸಿ ಹೊಸ ಗಾಜು ಮಾಡಿದರೂ ಮರುಬಳಕೆ ಅನ್ನುತ್ತೇವೆ. ಈ ವಿಷಯದಲ್ಲಿ ಇವೆರಡೂ ಬೇರೆ ಮೆಟ್ಟಿಲುಗಳು: ಮೊದಲು ಹಾಗೇ ಬಳಸುವುದು, ಆಮೇಲೆ ದುರಸ್ತಿ, ಕರಗಿಸುವುದು ಕೊನೆಗೆ. ಕೌದಿ ಮೊದಲ ಬಗೆಯದು, ಗುಜರಿ ಕಬ್ಬಿಣದ ಎರಕ ಎರಡನೆಯದು. ಮೊದಲನೆಯದಕ್ಕೆ ‘ಮರುಬಳಕೆ’ ಉಳಿಸಿಕೊಂಡು, ಎರಡನೆಯದಕ್ಕೆ ‘ಮರುತಯಾರಿ’ ಅನ್ನಬಹುದೇ?

ನನ್ನನ್ನು ಹೆಚ್ಚು ಕಾಡಿದ್ದು ಹಣದ ಮಾತು. ಯುರೋಪಿನಲ್ಲಿ ಎರಾ-ನೆಟ್ ಎಂಬ ಜಾಲಗಳು ಬಂದವು; ಸಂಶೋಧನೆಗೆ ಹಣ ಕೊಡುವ ಹಲವು ದೇಶಗಳ ಸಂಸ್ಥೆಗಳು ಕೂಡಿ ಕಟ್ಟಿಕೊಂಡವು ಅವು. ಅವುಗಳಲ್ಲೊಂದಾದ ಎರಾ-ಮಿನ್ 2011ರಲ್ಲಿ ಶುರುವಾಯಿತು; ಲೋಹ, ಖನಿಜದಂಥ ಕಚ್ಚಾವಸ್ತುಗಳ, ಅವುಗಳ ಸುತ್ತುಬಳಕೆಯ ಸಂಶೋಧನೆಗೆ ಅದರ ದೇಶಗಳೆಲ್ಲ ಕೂಡಿ ಅರ್ಜಿ ಕರೆದವು. (ಇಂಗ್ಲಿಷಿನ ಈ ‘ಜಾಯಿಂಟ್ ಕಾಲ್’ಗೆ ‘ಜಂಟಿ ಕರೆ’ ಎಂದು ದಯವಿಟ್ಟು ಬರೆಯಬೇಡಿ, ಫೋನ್ ಕರೆಯಂತೆ ಕೇಳುತ್ತದೆ.) ಹಣ ಕೂಡಿಸಲು ಮುಖ್ಯವಾಗಿ ಎರಡು ದಾರಿ. ಒಂದರಲ್ಲಿ ಎಲ್ಲ ದೇಶಗಳ ಹಣ ಒಂದೇ ಕಡೆ ಬಿದ್ದು, ಯಾವ ದೇಶದವರಾದರೂ ಸರಿ, ಉತ್ತಮ ಯೋಜನೆಗೆ ಹೋಗುತ್ತದೆ. ಇನ್ನೊಂದರಲ್ಲಿ ಪರಿಶೀಲನೆ ಒಟ್ಟಿಗೆ, ಆಯ್ಕೆ ಒಟ್ಟಿಗೆ, ಆದರೆ ಪ್ರತಿ ದೇಶವೂ ತನ್ನ ಸಂಶೋಧಕರಿಗಷ್ಟೇ ಹಣ ಕೊಡುತ್ತದೆ. ತಮ್ಮ ಜನರ ತೆರಿಗೆ ಗಡಿ ದಾಟುವುದು ಸರ್ಕಾರಗಳಿಗೆ ಒಪ್ಪಿಗೆಯಾಗುವುದು ಕಷ್ಟ. ಅದಕ್ಕೇ ಎರಡನೆಯದರ ಚಾಲ್ತಿ ಹೆಚ್ಚು. ಇಂಗ್ಲಿಷಿನಲ್ಲಿ ಎರಡಕ್ಕೂ ‘ಕಾಮನ್ ಪಾಟ್’ ಎಂದೇ ಹೆಸರು, ಮೊದಲನೆಯದು ರಿಯಲ್, ಎರಡನೆಯದು ವರ್ಚುವಲ್. ‘ಸಾಮಾನ್ಯ ಮಡಕೆ’, ‘ವಾಸ್ತವೋಪಮ ಮಡಕೆ’ ಎಂದು ಬರೆದರೆ ಯಾರಿಗೂ ಏನೂ ತಿಳಿಯದು.

ಮೊದಲನೆಯದಕ್ಕೆ ನಮ್ಮಲ್ಲಿ ‘ಪಟ್ಟಿ’ ಇದೆ. ಜಾತ್ರೆಗೆ ಮನೆಮನೆಯಿಂದ ಪಟ್ಟಿ ಎತ್ತುತ್ತಾರಲ್ಲ, ಕೊಟ್ಟ ಮೇಲೆ ಅದು ಊರಿನ ಹಣ. ಎರಡನೆಯದಕ್ಕೆ ‘ಬುತ್ತಿ’ ಹೊಳೆಯಿತು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಕೂಡಿ ಕೂಡ್ರುತ್ತೇವೆ, ಬುತ್ತಿ ಮಾತ್ರ ಅವರವರದು. ಆದರೆ ಹೋಲಿಕೆ ಒಂದು ಕಡೆ ತಪ್ಪುತ್ತದೆ. ಹೊಲದಲ್ಲಿ ಒಬ್ಬರ ಬುತ್ತಿ ತೀರಿದರೆ ಪಕ್ಕದವರು ರೊಟ್ಟಿ ನೀಡುತ್ತಾರೆ. ಆ ಜಾಲದಲ್ಲಿ ಒಂದು ದೇಶದ ಹಣ ತೀರಿದರೆ, ಆ ದೇಶದವರಿರುವ ಒಳ್ಳೆಯ ಯೋಜನೆಯೇ ಬಿದ್ದು, ಅದಕ್ಕಿಂತ ಕೆಳಗಿನದು ಆಯ್ಕೆಯಾದೀತು. ಹೊರೈಜನ್ 2020 ಎಂಬ ತನ್ನ ಸಂಶೋಧನಾ ಕಾರ್ಯಕ್ರಮದಲ್ಲಿ ಯುರೋಪಿಯನ್ ಒಕ್ಕೂಟ ಇಂಥ ಜಾಲಗಳಿಗೆ ಶೇ 33ರವರೆಗೆ ತನ್ನ ಹಣ ಸೇರಿಸುತ್ತಿತ್ತು. ಕಡಿಮೆ ಬಿದ್ದ ಕಡೆ ಅದನ್ನು ಬಳಸಿ ಆಯ್ಕೆಯ ಪಟ್ಟಿಯ ಕ್ರಮ ಕೆಡದಂತೆ ನೋಡಿಕೊಳ್ಳಬಹುದಿತ್ತು. ನೋಡಿ, ಈ ವಾಕ್ಯದಲ್ಲೇ ‘ಪಟ್ಟಿ’ ಯಾದಿಯ ಅರ್ಥದಲ್ಲಿ ನುಸುಳಿತು! ಅದೂ ಒಂದು ತೊಡಕು. ‘ಪಟ್ಟಿಹಣ’ ಎಂದರೆ ಬಿಡಿಸಿದಂತಾದೀತೇ?

ಈ ದೇಶಗಳ ಕೆಲಸಗಳನ್ನು ಒಂದಕ್ಕೊಂದು ಕೂಡಿಸುವ ‘ಕೋಆರ್ಡಿನೇಶನ್’ಗೆ ‘ಹೊಂದಾಣಿಕೆ’ ಬಿಟ್ಟು ‘ಸಮನ್ವಯ’ ಇಟ್ಟಿದ್ದೇನೆ. ಹೊಂದಾಣಿಕೆಯಲ್ಲಿ ಯಾರೋ ಬಿಟ್ಟುಕೊಟ್ಟ ವಾಸನೆ ಇದೆ.

ಗದಗ, ಹಾವೇರಿ ಕಡೆಯವರಲ್ಲಿ ಒಂದು ವಿನಂತಿ. ಜಾತ್ರೆಯ ಹಣಕ್ಕೆ ನಿಮ್ಮಲ್ಲಿ ಪಟ್ಟಿ ಅನ್ನುತ್ತಾರೋ, ವಂತಿಗೆಯೋ, ಬೇರೆ ಏನಾದರೂ ಇದೆಯೋ? ಮುಯ್ಯಾಳಿನಂತೆ ಅವರವರ ಪಾಲು ಅವರವರ ಹತ್ತಿರವೇ ಉಳಿದು ಕೆಲಸ ಮಾತ್ರ ಕೂಡಿ ನಡೆಯುವ ಪದ್ಧತಿಗೆ ಹೆಸರಿದ್ದರೆ, ಮನೆಯ ಹಿರಿಯರನ್ನು ಕೇಳಿ, ಅವರು ಆಡಿದ ಹಾಗೆಯೇ ಬರೆದು ಕಳಿಸಿ.